ತೋಳಿನ ಒಳರಂಧ್ರ, ಹಾರ್ನಿನ ಹೊರರಂಧ್ರ

ಕ್ಲೆವಿಸ್ ನೈಲಾನಿನದಾಗಿರಬೇಕೋ ಲೋಹದ್ದಾಗಿರಬೇಕೋ ಎಂಬ ವಾದವನ್ನು ಈ ವಾರ ಇತ್ಯರ್ಥಪಡಿಸುವೆನೆಂದು ಓದುಗರಿಗೆ ಮಾತು ಕೊಟ್ಟಿದ್ದೆ. ಉತ್ತರವು ದೀರ್ಘವಾದುದಲ್ಲ. ಎರಡು ಕಿಲೋಗ್ರಾಮಿನೊಳಗಿನ ತರಬೇತಿ ವಿಮಾನಕ್ಕೆ, ಸಿಲಿಕೋನ್ ಕೊಳವೆಯ ತುಣುಕೊಂದನ್ನು ಬಳೆಯಂತೆ ತೊಡಿಸಿದ ಒಳ್ಳೆಯ ನೈಲಾನ್ ಕ್ಲೆವಿಸ್ ಧಾರಾಳವಾಗಿ ಸಾಕು. ಅದಕ್ಕಿಂತ ಭಾರವೂ ವೇಗವೂ ಉಳ್ಳವಕ್ಕೆ ಉಕ್ಕಿನದು, ಅದೂ ಹಿಂದಿನಿಂದ ಲಾಕ್‌ನಟ್ ಬಿಗಿದದ್ದು. ಆದರೆ ಈಚೆಗೆ ಮೈದಾನದಲ್ಲಿ ಪ್ರಬಲಿಸುತ್ತಿರುವ ಒಂದು ಮತವು ಇದಕ್ಕಿಂತ ಗುರುತರವಾದ ವಿಚಾರವಾದುದರಿಂದ ಲೇಖನಿಯು ಅತ್ತಲೇ ತಿರುಗುತ್ತಿದೆ.

ಬಲಿಷ್ಠವಾದ ಡಿಜಿಟಲ್ ಸರ್ವೋ ಒಂದಿದ್ದರೆ ಸಾಕು, ಮಿಕ್ಕುದೆಲ್ಲವನ್ನೂ ಟ್ರಾನ್ಸ್‌ಮಿಟರಿನಲ್ಲಿ ಹೊಂದಿಸಿಕೊಳ್ಳಬಹುದು ಎಂಬುದೇ ಆ ಮತ. ಅದನ್ನು ನಾನು ಒಪ್ಪಲಾರೆ. ಏಲೆರಾನ್ 15 ಡಿಗ್ರಿ ಮಾತ್ರ ತಿರುಗಬೇಕಾದಲ್ಲಿ ಪುಶ್‌ರಾಡನ್ನು ತೋಳಿನ ತುತ್ತತುದಿಯ ರಂಧ್ರಕ್ಕೂ ಹಾರ್ನಿನ ಬುಡದ ರಂಧ್ರಕ್ಕೂ ಸಿಕ್ಕಿಸಿ, ಮಿತಿಮೀರಿದ ಚಲನೆಯನ್ನು ಟ್ರಾನ್ಸ್‌ಮಿಟರಿನಲ್ಲಿ ಶೇಕಡಾ 30ಕ್ಕೋ 40ಕ್ಕೋ ಇಳಿಸತಕ್ಕವನು, ತಾನು ಹಣ ತೆತ್ತು ಕೊಂಡ ಬಲದಲ್ಲಿಯೂ ಸೂಕ್ಷ್ಮತೆಯಲ್ಲಿಯೂ ಬಹುಪಾಲನ್ನು ತಾನೇ ಕೈಬಿಟ್ಟಂತಾಗುತ್ತದೆ. ಸರ್ವೋವಿನ ಹಲ್ಲುಚಕ್ರಗಳಲ್ಲಿ ಒಂದು ಡಿಗ್ರಿಯಷ್ಟು ಸಡಿಲವಿದೆಯೆನ್ನೋಣ. ತೋಳು 20 ಮಿ.ಮೀ., ಹಾರ್ನು 10 ಮಿ.ಮೀ. ಇದ್ದರೆ ಆ ಸಡಿಲವು ಫಲಕದಲ್ಲಿ ಎರಡು ಡಿಗ್ರಿಯಾಗುತ್ತದೆ. ಅಳತೆಗಳನ್ನು ಅದಲುಬದಲು ಮಾಡಿದರೆ ಅರ್ಧ ಡಿಗ್ರಿಗೆ ಇಳಿಯುತ್ತದೆ, ಫಲಕಕ್ಕೆ ದೊರೆಯುವ ತಿರುಗುಬಲವೂ ನಾಲ್ಕು ಮಡಿಯಾಗುತ್ತದೆ. ಆಗ ಸರ್ವೋ ತನ್ನ 45 ಡಿಗ್ರಿಯನ್ನು ಪೂರ್ತಿಯಾಗಿ ತಿರುಗಿದರೂ ಫಲಕವು 20 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುವುದು. ಫಲಕವನ್ನು 45 ಡಿಗ್ರಿಗೂ ಮಿಗಿಲಾಗಿ ತಿರುಗಿಸಿ ಕಸರತ್ತು ನಡೆಸುವ 3ಡಿ ವಿಮಾನಗಳ ಧರ್ಮ ಬೇರೆ. ಅವಕ್ಕೆ ಉದ್ದನೆಯ ತೋಳು ನ್ಯಾಯವೇ. ಎಡ, ನಡು, ಬಲ ಎಂಬ ಮೂರೇ ನೆಲೆಗಳನ್ನು ಬಲ್ಲ ಎಸ್ಕೇಪ್‌ಮೆಂಟಿನಿಂದ ರಡ್ಡರನ್ನು ಆಡಿಸುತ್ತಿದ್ದ ಹಿರಿಯರು, ಕಡ್ಡಿ ಸರಿದಷ್ಟೇ ಫಲಕವೂ ಸರಿಯುವ ಪ್ರಮಾಣಬದ್ಧ ನಿಯಂತ್ರಣಕ್ಕಾಗಿ 1960ರ ದಶಕದವರೆಗೆ ಕಾದರು. ಅಷ್ಟು ಕಾದು ಪಡೆದ ಸೂಕ್ಷ್ಮತೆಯನ್ನು ಒಂದು ರಂಧ್ರದ ಆಯ್ಕೆಯಲ್ಲಿ ಚೆಲ್ಲುವುದು ನನಗೆ ಸಂಕಟದ ಸಂಗತಿ.

ಸಡಿಲವೆಂಬುದು ಕೇವಲ ಅಂದಗೇಡಲ್ಲ. ಬಿಗಿಯಿಲ್ಲದ ಫಲಕವು ಒಂದು ವೇಗವನ್ನು ದಾಟಿದೊಡನೆ ಗಾಳಿಯಿಂದಲೇ ಶಕ್ತಿಯನ್ನು ಹೀರಿ ಕಂಪಿಸತೊಡಗಿ, ಗುಂಯ್ಯೆಂಬ ಸದ್ದು ನೆಲದಲ್ಲಿ ನಿಂತವನ ಕಿವಿಗೆ ತಲಪುವಷ್ಟರಲ್ಲಿ ಹಿಂಜುಗಳನ್ನು ಕಿತ್ತಿರುವುದೂ ಉಂಟು. ಆದುದರಿಂದ ಒಂದು ಕೈಯಲ್ಲಿ ಸರ್ವೋ ತೋಳನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯ ಎರಡು ಬೆರಳುಗಳಿಂದ ಫಲಕದ ಹಿಂಅಂಚನ್ನು ಮೆಲ್ಲನೆ ಆಡಿಸಿ, ಚಲನೆ ಮೊದಲು ಎಲ್ಲಿ ಕಾಣುವುದೆಂದು ನೋಡಬೇಕು. ಬಹುತೇಕ ಅದು ತೋಳಿನ ರಂಧ್ರದಲ್ಲಿಯೇ ಕಾಣುತ್ತದೆ. 1.5 ಮಿ.ಮೀ. ತಂತಿಯ ಜೆಡ್ ಬಾಗಿಗೆ ವಿದ್ಯುತ್ ಡ್ರಿಲ್ಲಿನಿಂದ ಅವಸರವಾಗಿ ಕೊರೆದ ರಂಧ್ರವು ಅಂಡಾಕಾರವಾಗಿ, ತಂತಿ ಅದರೊಳಗೆ ಲೊಟಗುಟ್ಟುತ್ತಿರುತ್ತದೆ, 1.4 ಮಿ.ಮೀ. ಬಿಟ್ಟನ್ನು ಬೆರಳುಗಳಲ್ಲಿಯೇ ತಿರುಗಿಸಿ ಕೊರೆದು, ಉಳಿದ ಕೂದಲೆಳೆಯಷ್ಟನ್ನು ತಂತಿಯಿಂದಲೇ ಸವೆಸಿ ಕೂರಿಸಿದರೆ ಅದು ಬಿಗಿಯಾಗಿಯೂ ನಯವಾಗಿಯೂ ತಿರುಗುತ್ತದೆ. ಹಾರ್ನಿನ ರಂಧ್ರಗಳು ಹಿಂಜಿನ ಗೆರೆಯ ನೇರದಲ್ಲಿಯೇ ಇರಬೇಕೆಂಬುದನ್ನು ಈ ಅಂಕಣದ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ.

ಇನ್ನು ಉದ್ದದ ಪುಶ್‌ರಾಡ್. ಒತ್ತಡಕ್ಕೆ ಸಿಕ್ಕಿದ ಕಡ್ಡಿಯ ಉದ್ದ ಇಮ್ಮಡಿಯಾದರೆ, ಬಾಗದೆ ಅದು ತಾಳತಕ್ಕ ಭಾರವು ಕಾಲುಭಾಗಕ್ಕೆ ಕುಸಿಯುವುದೆಂದು ಆಯ್ಲರನು 18ನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟ ಸೂತ್ರದಿಂದ ತಿಳಿಯುತ್ತದೆ. ಆಧಾರವಿಲ್ಲದ ತೆಳುತಂತಿಯು ನೆಲದ ಮೇಲೆ ಎಲಿವೇಟರನ್ನು ಸೊಗಸಾಗಿ ಎತ್ತಿ ಇಳಿಸಿ, ಡೈವಿನಿಂದ ವಿಮಾನವನ್ನು ಎಬ್ಬಿಸಬೇಕಾದ ಗಳಿಗೆಯಲ್ಲಿ ಬಿಲ್ಲಾಗಿ ಬಾಗುವುದು ಇದೇ ಕಾರಣದಿಂದ. ಕೊಳವೆಯೊಳಗೆ ಓಡುವ ಪ್ಲಾಸ್ಟಿಕ್ ಕಡ್ಡಿ ಬಾಗದಿದ್ದರೂ ಬಿಸಿಲಿಗೆ ಹಿಗ್ಗುತ್ತದೆ. ಬಯಲುಸೀಮೆಯ ಮಾಗಿಯಲ್ಲಿ ಬೆಳಗಿನ ಏಳಕ್ಕೆ ಹೊಂದಿಸಿದ ಎಲಿವೇಟರ್ ಟ್ರಿಮ್ಮು ಹನ್ನೊಂದರ ಹೊತ್ತಿಗೆ ತಪ್ಪಿರುತ್ತದೆ. ನನ್ನ ಆಯ್ಕೆ ಕಾರ್ಬನ್ ಕೊಳವೆಯೇ: ಹಗುರ, ಬಿಗಿ, ಉಷ್ಣಕ್ಕೆ ಹೆಚ್ಚುಕಡಿಮೆ ನಿರ್ವಿಕಾರ. ಎರಡು ತುದಿಗಳಿಗೂ ಉಕ್ಕಿನ ತಂತಿಯನ್ನು ಸೇರಿಸಿ, ನೂಲು ಸುತ್ತಿ, ಎಪಾಕ್ಸಿ ಹಚ್ಚಿ ಒಂದು ರಾತ್ರಿ ಆರಲು ಬಿಡಬೇಕು. 2.4 ಗಿಗಾಹರ್ಟ್ಸ್ ಸಂಕೇತಕ್ಕೆ ಕಾರ್ಬನ್ ಅಡ್ಡಿಯಾಗುವುದರಿಂದ ರಿಸೀವರಿನ ಆಂಟೆನಾವನ್ನು ಮಾತ್ರ ಅದರಿಂದ ದೂರವಿರಿಸತಕ್ಕದ್ದು.