ಮೋಡದ ಮರೆಯ ಸೂರ್ಯ

ಖಗ್ರಾಸ ಸೂರ್ಯಗ್ರಹಣವನ್ನು ನೋಡಲೆಂದು ಕಡಲು ದಾಟಿ ಹೋದವರ ಬರಹಗಳಲ್ಲಿ ಗ್ರಹಣಕ್ಕೆ ದೊರೆಯುವ ಸ್ಥಳ ಬಲು ಕಡಮೆ. ಪ್ರಯಾಣ ತಿಂಗಳುಗಟ್ಟಲೆಯದು, ನೋಟ ಎರಡು ಮೂರು ನಿಮಿಷದ್ದು. ಮಿಕ್ಕ ಪುಟಗಳನ್ನು ಹಡಗು, ಬಂದರು, ಮಳೆ, ಊಟ, ಜೊತೆಗಾರರು ತುಂಬಬೇಕು. ಹಾಗೆ ತುಂಬಿದ್ದು ಸಾಹಿತ್ಯವಾಗುವುದು ಯಾವಾಗ?

ಈ ಪ್ರಶ್ನೆ ನನಗೆ ಬರಿಯ ಪಾಠದ ಪ್ರಶ್ನೆಯಾಗಿ ಉಳಿದಿಲ್ಲ. 2027ರ ಆಗಸ್ಟ್ 2ರ ಗ್ರಹಣಕ್ಕೆ ಈಜಿಪ್ಟಿನ ಲಕ್ಸರಿಗೆ ಹೋಗೋಣವೆಂದು ಸ್ನೇಹಿತರಿಬ್ಬರು ನನ್ನನ್ನು ಕರೆದಿದ್ದಾರೆ. ಇಬ್ಬರೂ ಭೌತಶಾಸ್ತ್ರದ ಅಧ್ಯಾಪಕರು. ಅಲ್ಲಿ ಕತ್ತಲೆ ಆರು ನಿಮಿಷಕ್ಕೂ ಮೀರಿ ಇರುತ್ತದಂತೆ. “ಕನ್ನಡ ಮೇಷ್ಟ್ರಿಗೆ ಅಲ್ಲೇನು ಕೆಲಸ?” ಎಂದು ಮೂರನೆಯವರೊಬ್ಬರು ನಕ್ಕರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕುತ್ತ ನಾನು ಹಿಡಿದದ್ದು ಮೇಬಲ್ ಲೂಮಿಸ್ ಟಾಡ್ 1898ರಲ್ಲಿ ಪ್ರಕಟಿಸಿದ ‘ಕರೋನ ಅಂಡ್ ಕರೋನೆಟ್’ ಎಂಬ ಪುಸ್ತಕವನ್ನು.

ಕರೋನ ಎಂದರೆ ಗ್ರಹಣಕಾಲದಲ್ಲಿ ಮಾತ್ರ ಬರಿಗಣ್ಣಿಗೆ ಕಾಣುವ ಸೂರ್ಯನ ಪ್ರಭಾವಲಯ. ಕರೋನೆಟ್ ಎಂಬುದು ಹಾಯಿನೌಕೆಯ ಹೆಸರು. ಅದರ ಒಡೆಯ ಆರ್ಥರ್ ಕರ್ಟಿಸ್ ಜೇಮ್ಸ್ ಅಮೆರಿಕದ ಅಮ್ಹರ್ಸ್ಟ್ ಕಾಲೇಜಿನ ಹಳೆಯ ವಿದ್ಯಾರ್ಥಿ. ಮೇಬಲ್ಲಳ ಗಂಡ ಡೇವಿಡ್ ಟಾಡ್ ಅದೇ ಕಾಲೇಜಿನ ಖಗೋಳಶಾಸ್ತ್ರದ ಪ್ರಾಧ್ಯಾಪಕ. ಸ್ನೇಹಿತರೆಲ್ಲ ಸೇರಿ ಹವಾಯಿಯ ಮೇಲೆ ಹಾದು ಜಪಾನಿಗೆ ಹೋದರು. 1896ರ ಆಗಸ್ಟ್ 9ರಂದು ಹೊಕ್ಕಾಯ್ಡೊದ ಎಸಾಷಿ ಎಂಬ ಊರಿನಲ್ಲಿ ಸಾಲುಸಾಲಾಗಿ ದೂರದರ್ಶಕಗಳನ್ನು ಹೂಡಿ ಕಾದರು. ಮೋಡ ಕವಿಯಿತು. ಡೇವಿಡ್ ಟಾಡ್‌ಗೆ ಇದು ಹೊಸತಲ್ಲ: 1887ರಲ್ಲಿ ಜಪಾನಿನ ಷಿರಕಾವದಲ್ಲಿ, 1889ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಇದೇ ಮೋಡ ಇದೇ ಆಟವಾಡಿತ್ತು.

ಕಾಣದ ಗ್ರಹಣದ ಮೇಲೆ ಇಷ್ಟು ದೊಡ್ಡ ಪುಸ್ತಕವೆ ಎಂದು ಓದುಗರು ಹುಬ್ಬೇರಿಸಬಹುದು. ಅದರ ಬಹುಭಾಗವನ್ನು ಓದುವಾಗ ನನಗೂ ಆಕಳಿಕೆ ಬಂದಿತು. ಊರು ಬಂದರೆ ಊರಿನ ವರ್ಣನೆ, ಹೂವು ಕಂಡರೆ ಹೂವಿನ ವರ್ಣನೆ. ಎಲ್ಲವೂ ಸುಂದರ, ಎಲ್ಲವೂ ವಿಚಿತ್ರ. ಹೊಕ್ಕಾಯ್ಡೊದ ಮೂಲನಿವಾಸಿಗಳಾದ ಐನು ಜನರನ್ನು ಆಕೆ ಕುತೂಹಲದಿಂದ ನೋಡುತ್ತಾಳೆ ನಿಜ. ಆ ಕುತೂಹಲ ವಸ್ತುಸಂಗ್ರಹಾಲಯದ ಗಾಜಿನಾಚೆಯಿಂದ ನೋಡುವವರದು. ನಮ್ಮ ಪ್ರವಾಸಕಥನಗಳಲ್ಲೂ ಈ ರೋಗ ಉಂಟು. ಹೋದವರು ತಾವು ಹೋದೆವೆಂಬುದನ್ನು ಮರೆಯುವುದೇ ಇಲ್ಲ.

ಆದರೆ ಗ್ರಹಣದ ಪುಟಗಳಿಗೆ ಬಂದೊಡನೆ ಬರಹ ಬೇರೆಯಾಗುತ್ತದೆ. ಉಪಕರಣಗಳ ನಡುವೆ ಆಕೆಗೆ ಸ್ಥಳವಿಲ್ಲ. ಅಲ್ಲಿನ ಚಿಕ್ಕ ದೀಪಸ್ತಂಭವನ್ನು ಹತ್ತಿ ನಿಲ್ಲುತ್ತಾಳೆ. ಮೂರು ನಿಮಿಷವೂ ತುಂಬದ ಆ ಕತ್ತಲೆಯಲ್ಲಿ ತೆಳುಮೋಡದ ಹಿಂದೆ ಪ್ರಭಾವಲಯ ಮಸುಕಾಗಿ ಕಾಣುತ್ತದೆ. ವಾಯವ್ಯದ ಆಕಾಶಕ್ಕೆ ಕಿತ್ತಳೆಯ ಬೆಂಕಿ ಹತ್ತಿಕೊಳ್ಳುತ್ತದೆ. ಕೆಳಗೆ ಗಂಡನ ತಿಂಗಳುಗಳ ಶ್ರಮ ನೀರಿನಲ್ಲಿ ಹೋಮವಾಗುತ್ತಿದೆ. ಛಾಯಾಚಿತ್ರದ ಫಲಕಕ್ಕೆ ದಕ್ಕದ್ದು ಬರಿಗಣ್ಣಿಗೆ ಅಷ್ಟಿಷ್ಟು ದಕ್ಕಿತು. ಈ ಕೆಲವು ಪುಟಗಳಿಗಾಗಿ ಉಳಿದೆಲ್ಲವನ್ನೂ ನಾನು ಕ್ಷಮಿಸಬಲ್ಲೆ.

ಒಂದು ಮಾತು ಇಲ್ಲಿ ನೆನಪಾಗುತ್ತದೆ. ಎಮಿಲಿ ಡಿಕಿನ್ಸನ್ನಳ ಕವಿತೆಗಳನ್ನು 1890ರಲ್ಲಿ ಹಿಗಿನ್ಸನ್ ಅವರೊಡನೆ ಸಂಪಾದಿಸಿ ಲೋಕಕ್ಕೆ ಕೊಟ್ಟವಳು ಇದೇ ಮೇಬಲ್. ಅಮ್ಹರ್ಸ್ಟಿನ ಮನೆ ಬಿಟ್ಟು ಹೊರಗೆ ಬಾರದ ಆ ಕವಿಯ ಮನೆಗೆ ಎಷ್ಟೋ ಸಲ ಹೋಗಿಯೂ ಈಕೆ ಮುಖಾಮುಖಿ ಅವಳನ್ನು ಕಾಣಲಿಲ್ಲ. ಮರೆಯಲ್ಲಿದ್ದುದನ್ನು ಕಾದು ನಿಲ್ಲುವ ಅಭ್ಯಾಸ ಈಕೆಗೆ ಜಪಾನಿಗೆ ಹೊರಡುವ ಮೊದಲೇ ಇತ್ತೆನ್ನಬೇಕು.

ಇದರ ಪಕ್ಕದಲ್ಲಿ ವರ್ಜೀನಿಯ ವುಲ್ಫಳ ದಿನಚರಿಯನ್ನಿಟ್ಟು ನೋಡಿದೆ. ಆಕೆ ಕಡಲು ದಾಟಲಿಲ್ಲ. 1927ರ ಜೂನ್ 29ರ ಬೆಳಗ್ಗೆ ಗ್ರಹಣ ನೋಡಲು ಲಂಡನ್ನಿನಿಂದ ರಾತ್ರಿಯ ರೈಲು ಹಿಡಿದು, ಗಂಡ ಮತ್ತು ಸ್ನೇಹಿತರೊಡನೆ ಯಾರ್ಕ್‌ಷೈರಿನ ಬೆಟ್ಟಕ್ಕೆ ಹೋದಳು. ಅಲ್ಲಿಯೂ ಮೋಡ, ಚಳಿ; ಪೂರ್ಣಗ್ರಹಣ ಬರಿಯ 24 ಸೆಕೆಂಡು. ರೈಲಿನಲ್ಲಿ ಸ್ನೇಹಿತೆ ವೀಟಾಳ ಮೊಣಕಾಲಿನ ಮೇಲೆ ತಲೆಯಿಟ್ಟು ಅವಳ ಗಂಡ ಹ್ಯಾರಲ್ಡ್ ಮಲಗಿದ್ದುದನ್ನೂ ವುಲ್ಫ್ ಬಿಟ್ಟಿಲ್ಲ. ಮುಂದೆ ಲೋಕದ ಬಣ್ಣವೆಲ್ಲ ಆರಿಹೋದಾಗ ನಮಗೆ ಎದೆ ನಡುಗುವುದು ಆ ಮಲಗಿದ್ದವರ ಪರಿಚಯ ನಮಗೂ ಆಗಿರುವುದರಿಂದ. 1928ರಲ್ಲಿ ಆಕೆ ಇದನ್ನೇ ‘ದಿ ಸನ್ ಅಂಡ್ ದಿ ಫಿಶ್’ ಎಂಬ ಪ್ರಬಂಧವಾಗಿಸಿದಳು. ಸ್ನೇಹಿತರ ಹೆಸರುಗಳು ಬಿದ್ದುಹೋದವು, ಪ್ರಾಣಿಸಂಗ್ರಹಾಲಯದ ಮೀನುಗಳು ಬಂದವು. ವಾಕ್ಯಗಳು ಹೆಚ್ಚು ನಯವಾದವು. ಪಂಡಿತರು ಪ್ರಬಂಧವನ್ನು ಮೆಚ್ಚಲಿ. ನನ್ನ ಓಟು ದಿನಚರಿಗೆ. ಸೂರ್ಯ ಆರಿದ ಹೊತ್ತಿನಲ್ಲಿ ಪಕ್ಕದವರ ಮುಖ ಕಾಣದ ಬರಹ ಎಷ್ಟು ಚೆನ್ನಾಗಿದ್ದರೂ ಕನ್ನಡಿಯ ಮುಂದೆ ನಿಂತ ಬರಹ.

ಮೇಬಲ್ಲಳ ಪುಸ್ತಕದ ಕೊರತೆಯೂ ಇದೇ. ನೌಕೆಯಲ್ಲಿ ಅಷ್ಟು ಜನ ಜೊತೆಗಿದ್ದರು. ಅವರಲ್ಲಿ ಯಾರು ಯಾವುದಕ್ಕೆ ಹೆದರುತ್ತಿದ್ದರು, ಯಾರಿಗೆ ಯಾರ ಮೇಲೆ ಮುನಿಸು, ನನಗೆ ತಿಳಿಯಲಿಲ್ಲ. ಮೋಡ ಬಂದಾಗ ಗಂಡನ ಮುಖವನ್ನು ಆಕೆ ಇನ್ನಷ್ಟು ಹೊತ್ತು ನೋಡಬಾರದಿತ್ತೆ?

ನಮ್ಮ ಕಾವ್ಯದಲ್ಲಿ ರಾಹು ಸೂರ್ಯಚಂದ್ರರನ್ನು ನುಂಗಿದ್ದಕ್ಕೆ ಲೆಕ್ಕವಿಲ್ಲ. ಅವೆಲ್ಲ ಉಪಮಾನಗಳು, ತಲೆಯೆತ್ತಿ ನೋಡಿದವರ ಮಾತು ಅಪರೂಪ. 1980ರ ಫೆಬ್ರವರಿ 16ರಂದು ಖಗ್ರಾಸ ಗ್ರಹಣವೇ ನಮ್ಮನ್ನು ಹುಡುಕಿಕೊಂಡು ಬಂದು, ಉತ್ತರ ಕನ್ನಡದ ಕರಾವಳಿಯಿಂದ ರಾಯಚೂರಿನವರೆಗೆ ನೆರಳು ಹಾಸಿ ಹೋಯಿತು. ಬಹಳ ಮಂದಿ ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ಅವರನ್ನು ಗೇಲಿಮಾಡುವುದು ಸುಲಭ. ಆದರೆ ಒಂದೇ ಕೋಣೆಯಲ್ಲಿ ಅಜ್ಜಿ, ಬಸುರಿ ಸೊಸೆ, ಹೊರಗೆ ಓಡಬೇಕೆನ್ನುವ ಹುಡುಗ, ಕಿಟಕಿಯ ಸಂದಿಯಲ್ಲಿ ಸಣ್ಣಗಾಗುತ್ತಿರುವ ಬೆಳಕು: ದೀಪಸ್ತಂಭದ ಮೇಲಿದ್ದವಳಿಗೆ ಸಿಗದ ಮುಖಗಳೆಲ್ಲ ಅಲ್ಲಿದ್ದವು. ಅದನ್ನು ಬರೆದವರು ಯಾರಾದರೂ ಇದ್ದರೆ, ಲಕ್ಸರಿಗೆ ಹೊರಡುವ ಮುನ್ನ ಓದಬೇಕೆಂದು ನನಗೆ ಆಸೆ.