ತಿಥಿ ನೋಡಿ ಓಡುವ ಊರು

ಓಡುವವರು ನಾಲ್ವರು ಒಂದೆಡೆ ಸೇರಿದರೆ ಮಾತು ಬೂಟಿಗೆ ಹೋಗುತ್ತದೆ. ಯಾವ ಕಂಪನಿ, ಅಟ್ಟೆ ಎಷ್ಟು ದಪ್ಪ, ಎಷ್ಟು ಕಿಲೋಮೀಟರಿಗೆ ಸವೆಯಿತು. ಅದು ಮುಗಿದರೆ ಕೈಗಡಿಯಾರ. ಆದರೆ ನವಿ ಮುಂಬೈಯಲ್ಲಿ, ಪನ್ವೇಲ್ ಖಾರಿ, ಥಾಣೆ ಖಾರಿಗಳ ದಡದಲ್ಲಿ ಓಡುವವರಿಗೆ ಇವೆರಡಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅಡುಗೆಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರು. ಅದರಲ್ಲಿ ನೋಡಬೇಕಾದ್ದು ತಾರೀಖಲ್ಲ, ತಿಥಿ.

ಕೊಂಕಣದ ಮೀನುಗಾರರ ಹಳೆಯ ಬಾಯಿಲೆಕ್ಕ ಒಂದಿದೆ. ಆ ದಿನದ ತಿಥಿಯ ಮುಕ್ಕಾಲು ಪಾಲು ಎಷ್ಟೋ ಅಷ್ಟು ಗಂಟೆಗೆ ತುಂಬು ಭರತ. ಅಷ್ಟಮಿಯಾದರೆ ಎಂಟರ ಮುಕ್ಕಾಲು ಆರು. ಬೆಳಗ್ಗೆ ಆರಕ್ಕೆ ನೀರು ದಡ ಮುಟ್ಟಿರುತ್ತದೆ, ಸಂಜೆ ಮತ್ತೆ ಅದೇ ಹೊತ್ತಿಗೆ. ಏಕಾದಶಿಯಾದರೆ ಎಂಟೂಕಾಲು. ಹುಣ್ಣಿಮೆ, ಅಮಾವಾಸ್ಯೆಗೆ ಹನ್ನೊಂದೂಕಾಲು. ಅದಕ್ಕೆ ಆರು ಗಂಟೆ ಕೂಡಿಸಿದರೂ ಕಳೆದರೂ ಇಳಿತ. ಚಂದ್ರ ದಿನಾ ಸುಮಾರು 50 ನಿಮಿಷ ತಡವಾಗಿ ನೆತ್ತಿಗೆ ಬರುತ್ತಾನೆ, ನೀರೂ ಅವನ ಹಿಂದೆಯೇ ಅಷ್ಟು ತಡ ಮಾಡುತ್ತದೆ. ಮುಕ್ಕಾಲು ಗಂಟೆ ಎಂಬುದು ಬಾಯಲ್ಲಿ ಗುಣಿಸಲು ಒಗ್ಗಿಸಿಕೊಂಡ ಅಳತೆ. ಅರ್ಧ ಗಂಟೆಯ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಖಾರಿಯ ಒಳಗೆ ಹೋದಷ್ಟೂ ನೀರು ಇನ್ನಷ್ಟು ತಡ. ಬೆಳಗ್ಗೆ ಎದ್ದು ಎತ್ತ ಓಡಬೇಕು ಎಂದು ತೀರ್ಮಾನಿಸಲು ಇಷ್ಟು ಲೆಕ್ಕ ಸಾಕು.

ನಾನಿರುವುದು ಕಳಂಬೋಲಿಯಲ್ಲಿ. ಈ ಹೆಸರು ಕೇಳಿದರೆ ಕನ್ನಡಿಗರಿಗೆ ನೆನಪಾಗುವುದು ಸರ್ಕಲ್ಲು. ಮಂಗಳೂರು, ಹುಬ್ಬಳ್ಳಿ, ಬೆಂಗಳೂರಿನ ರಾತ್ರಿ ಬಸ್ಸುಗಳಿಗೆ ಕಾಯುತ್ತ ಬ್ಯಾಗಿನ ಮೇಲೆ ಕೂತ ಜಾಗ. ಪುಣೆ ಎಕ್ಸ್‌ಪ್ರೆಸ್‌ವೇ ಶುರುವಾಗುವುದು ಇಲ್ಲಿಂದ. ಒಂದು ಕಡೆ ಸಾಯನ್–ಪನ್ವೇಲ್ ಹೆದ್ದಾರಿ, ಇನ್ನೊಂದು ಕಡೆ ಕಬ್ಬಿಣದ ಮಾರ್ಕೆಟ್ಟು, ಉತ್ತರಕ್ಕೆ ತಳೋಜದ ಕಾರ್ಖಾನೆಗಳು. ಇಲ್ಲಿ ಓಡುವುದೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಹೆದ್ದಾರಿಯಲ್ಲಿ ನಿಂತು ಕಳಂಬೋಲಿಯನ್ನು ಅಳೆಯಬೇಡಿ, ಅದರ ನೀರಿನ ಅಂಚಿಗೆ ಹೋಗಿ.

ಆ ನೀರು ಅಲ್ಲಿ ಇರುವುದಕ್ಕೆ ಕಾರಣವಿದೆ. 1960ರ ದಶಕದಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಮೂವರೂ ಸೇರಿ ಖಾರಿಯ ಆಚೆ ದಡದಲ್ಲಿ ಹೊಸ ನಗರ ಕಟ್ಟಬೇಕೆಂದು ಬರೆದರು. 1970ರ ಮಾರ್ಚಿನಲ್ಲಿ ಅದನ್ನು ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೊ ಹುಟ್ಟಿತು. ಸಿಡ್ಕೊ ಕೈಗೆ ಬಂದ ನೆಲದಲ್ಲಿ ಬಹುಪಾಲು ಗಜನಿ ಗದ್ದೆ, ಉಪ್ಪಿನಾಗರ, ಕೆಸರು. ಎಷ್ಟೋ ಕಡೆ ನೆಲ ದೊಡ್ಡ ಭರತದ ಮಟ್ಟಕ್ಕಿಂತ ಕೆಳಗೆ. ಎಲ್ಲವನ್ನೂ ಮಣ್ಣು ತುಂಬಿಸಿ ಎತ್ತರಿಸುವ ಬದಲು ಡಚ್ಚರ ಉಪಾಯ ಹಿಡಿದರು. ಊರಿನ ಮಳೆನೀರೆಲ್ಲ ಮೊದಲು ದೊಡ್ಡ ಕೆರೆಗೆ ಬರಬೇಕು. ಕೆರೆಗೂ ಖಾರಿಗೂ ನಡುವೆ ಮಣ್ಣಿನ ಒಡ್ಡು. ಒಡ್ಡಿನಲ್ಲಿ ಹೊರಕ್ಕೆ ಮಾತ್ರ ತೆರೆಯುವ ಬಾಗಿಲು. ಭರತ ಏರಿದಾಗ ಖಾರಿಯ ನೀರೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ, ಮಳೆನೀರು ಕೆರೆಯಲ್ಲಿ ಕಾಯುತ್ತದೆ. ಇಳಿತ ಬಂದಾಗ ಒಳಗಿನ ನೀರು ಬಾಗಿಲನ್ನು ತಳ್ಳಿಕೊಂಡು ಹೊರಬೀಳುತ್ತದೆ. ಇಂಥ ಕೆರೆಗಳನ್ನು ಇಲ್ಲಿ ಎಲ್ಲರೂ ಹೋಲ್ಡಿಂಗ್ ಪಾಂಡ್ ಎನ್ನುತ್ತಾರೆ. ನೆರೂಳ್, ವಾಶಿ, ಬೇಲಾಪುರ, ನಮ್ಮ ಕಳಂಬೋಲಿ, ಎಲ್ಲೆಡೆ ಇವೆ. 2005ರ ಜುಲೈ 26ರ ಮಳೆಯನ್ನು ಕಳಂಬೋಲಿಯಲ್ಲಿ ಕಂಡವರಿಗೆ ಈ ಕೆರೆ ಯಾತಕ್ಕೆ ಬೇಕು ಎಂದು ಹೇಳಿಕೊಡಬೇಕಾಗಿಲ್ಲ.

ನವಿ ಮುಂಬೈಯಲ್ಲಿ ಓಡಲು ಅತ್ಯುತ್ತಮ ಜಾಗಗಳೆಂದರೆ ಈ ಒಡ್ಡುಗಳು, ಈ ಕೆರೆಗಳ ಅಂಚುಗಳು. ನಗರ ಮುಳುಗದಿರಲೆಂದು ಮಾಡಿದ ಏರ್ಪಾಡು ಓಡುವವರಿಗೆ ದಾರಿಯಾಗಿ ಒದಗಿತು. ಒಡ್ಡು ಅಕ್ಕಪಕ್ಕದ ನೆಲಕ್ಕಿಂತ ಎತ್ತರ, ಆದ್ದರಿಂದ ಗಾಳಿ. ಒಂದು ಬದಿಗೆ ನೀರು, ಆದ್ದರಿಂದ ಆ ಬದಿಯಿಂದ ವಾಹನ ಬರುವುದಿಲ್ಲ. ಕಾಲಡಿಗೆ ಮಣ್ಣು ಉಳಿದಿರುವ ಕಡೆಯಂತೂ ಮಂಡಿಗೆ ಅದಕ್ಕಿಂತ ಒಳ್ಳೆಯ ಹಾಸು ಬೇರೆ ಇಲ್ಲ. ನಗರಪಾಲಿಕೆಗಳು ಎಲ್ಲಿ ಸುಂದರೀಕರಣ ಎಂದು ಕೈಹಾಕುತ್ತವೋ ಅಲ್ಲಿ ಮೊದಲು ಬೀಳುವುದು ಪೇವರ್ ಬ್ಲಾಕು. ನಡೆಯುವವರಿಗೆ ಅದು ಸರಿ, ಓಡುವವರ ಹಿಮ್ಮಡಿಗೆ ಅದರಷ್ಟು ಕೆಟ್ಟದ್ದಿಲ್ಲ. ಪ್ರತಿ ಸಂದಿನಲ್ಲೂ ಒಂದೊಂದು ಇಟ್ಟಿಗೆ ಎದ್ದಿರುತ್ತದೆ. ಕೆರೆಯ ಸುತ್ತ ಒಂದು ಮೀಟರ್ ಅಗಲದ ಮಣ್ಣಿನ ಹಾದಿಯನ್ನು ಹಾಗೇ ಬಿಡಿ ಎಂದು ಈ ಅಂಕಣದಲ್ಲಿ ಮತ್ತೆ ಕೇಳುತ್ತೇನೆ.

ಮಣ್ಣಿನ ಮಾತು ಬಂದಾಗ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರನ್ನು ನೆನೆಯಬೇಕು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದ ಕೂಟದಲ್ಲಿ ಬರಿಗಾಲಲ್ಲಿ ಓಡಿದ ಹಳ್ಳಿಯ ಹುಡುಗರ ವೇಗ ಕಂಡು ದೊರಾಬ್ಜಿ ಟಾಟಾ ಬೆರಗಾದರು. ಮರುವರ್ಷದ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದ ತಂಡ ಹೋಗುವಂತೆ ಮಾಡಿದರು. ಅಲ್ಲಿನ ಮ್ಯಾರಥಾನಿನಲ್ಲಿ ಚೌಗುಲೆ 19ನೆಯವರಾಗಿ ಗುರಿ ಮುಟ್ಟಿದರು. ಇವತ್ತು ಜನವರಿಯ ಮುಂಬೈ ಮ್ಯಾರಥಾನಿಗೆ ತಯಾರಾಗುವ ಕನ್ನಡದ ಹುಡುಗ ಹುಡುಗಿಯರಿಗೆ ಈ ಹೆಸರು ತಿಳಿದಿರಬೇಕು.

ಈಗ ಹಾದಿಗೆ ಬರೋಣ. ಕಳಂಬೋಲಿಯ ಒಳಗೆ ಓಡುವವರು ಲಾರಿಗಳು ಏಳುವ ಮುಂಚೆ ಮನೆ ಬಿಡಬೇಕು. ಸರ್ಕಲ್ಲಿಗೂ ಕಬ್ಬಿಣದ ಮಾರ್ಕೆಟ್ಟಿಗೂ ಬೆನ್ನುಮಾಡಿ ಸೆಕ್ಟರುಗಳ ಒಳರಸ್ತೆ ಹಿಡಿದು ರೋಡ್‌ಪಾಲಿಯ ಕೆರೆಯ ಕಡೆ ಹೋಗಿ. ದೂರ ಹೆಚ್ಚಿಲ್ಲ, ವಾರದ ನಡುವಿನ ಓಟಕ್ಕೆ ಸಾಕು. ಹೆದ್ದಾರಿ ದಾಟಬಲ್ಲವರಿಗೆ ಆಚೆ ಖಾಂದೇಶ್ವರದ ದೇವಸ್ಥಾನ, ಕೆರೆ ಇದೆ. ಇನ್ನೂ ಪೂರ್ವಕ್ಕೆ ಪನ್ವೇಲಿನ ವಡಾಳೆ ಕೆರೆ. ಚಳಿಗಾಲದಲ್ಲಿ ಗಾಳಿ ನಿಂತು ತಳೋಜದ ವಾಸನೆ ಊರ ಮೇಲೆ ಕೂತ ದಿನ ಇಲ್ಲಿ ಓಡಲೇಬೇಡಿ. ಅಂದು ರೈಲು ಹತ್ತಿ.

ರೈಲು ಹತ್ತುವುದು ಮಾನಸರೋವರದಲ್ಲಿ, ಇಳಿಯುವುದು ಮೂರನೆಯ ಸ್ಟೇಷನ್ ಸೀವುಡ್ಸ್‌ನಲ್ಲಿ. ಪಾಮ್ ಬೀಚ್ ರಸ್ತೆ ದಾಟಿದರೆ ಖಾರಿಯ ಕಡೆ ನೆಲ ತೆರೆದುಕೊಳ್ಳುತ್ತದೆ. ಎನ್‌ಆರ್‌ಐ ಕಾಂಪ್ಲೆಕ್ಸಿನ ಹಿಂದಿನ ಜೌಗು, ನಾವಿಕರ ತರಬೇತಿ ಸಂಸ್ಥೆ ಟಿ.ಎಸ್. ಚಾಣಕ್ಯದ ಪಕ್ಕದ ಜೌಗು, ಶಾಲೆಯ ಬಗಲಲ್ಲಿರುವುದರಿಂದ ಡಿಪಿಎಸ್ ಕೆರೆ ಎಂದೇ ಹೆಸರಾದ ನೀರು. ನನ್ನ ಮಟ್ಟಿಗೆ ಮುಂಬೈ ಸೀಮೆಯಲ್ಲಿ ಇದಕ್ಕಿಂತ ಚೆಂದದ ಓಟದ ಹಾದಿ ಇಲ್ಲ. ಮರೀನ್ ಡ್ರೈವ್ ಅನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಮರೀನ್ ಡ್ರೈವಿನಲ್ಲಿ ಸಮುದ್ರ ಕಾಣುತ್ತದೆ, ಇಲ್ಲಿ ಸಮುದ್ರ ಕೆಲಸ ಮಾಡುವುದು ಕಾಣುತ್ತದೆ.

ತಿಥಿ ಬೇಕಾಗುವುದು ಇಲ್ಲಿ. ಚಳಿಗಾಲದಿಂದ ಮೇ ತಿಂಗಳವರೆಗೆ ಖಾರಿಯ ತುಂಬ ರಾಜಹಂಸಗಳು, ಇಲ್ಲಿಯವರ ಬಾಯಲ್ಲಿ ಫ್ಲೆಮಿಂಗೊಗಳು. ಅವುಗಳ ಊಟ ಇಳಿತದಲ್ಲಿ ಬಯಲಾಗುವ ಕೆಸರಿನಲ್ಲಿ. ಹುಣ್ಣಿಮೆ ಅಮಾವಾಸ್ಯೆಯ ಬೆಳಗ್ಗೆ ಹೋದರೆ ನೀರು ದೂರ ಸರಿದು, ಹಕ್ಕಿಗಳು ಖಾರಿಯ ನಡುವೆ ಗುಲಾಬಿ ಗೆರೆಯಾಗಿ ಮಾತ್ರ ಕಾಣುತ್ತವೆ. ಅಷ್ಟಮಿಯ ಆಸುಪಾಸಿನಲ್ಲಿ ಹೋದರೆ ಕೆಸರು ಮುಳುಗಿರುತ್ತದೆ, ನಿಲ್ಲಲು ಜಾಗವಿಲ್ಲದೆ ಅವು ದಡದ ಈ ಕೆರೆಗಳಿಗೆ ಬಂದು ಇಳಿಯುತ್ತವೆ. ಆಗ ಓಟ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿ. ಕತ್ತು ಬಗ್ಗಿಸಿ ಕೊಕ್ಕನ್ನು ತಲೆಕೆಳಗು ಮಾಡಿ ನೀರಿಗಿಳಿಸುತ್ತದೆ; ನಾಲಿಗೆ ಪಿಚಕಾರಿಯ ಹಾಗೆ ಹಿಂದೆ ಮುಂದೆ ಆಡಿ ನೀರನ್ನು ಎಳೆದು ಹೊರಹಾಕುತ್ತದೆ; ಪಾಚಿ, ಸಣ್ಣ ಹುಳ ಕೊಕ್ಕಿನ ಅಂಚಿನ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಗರಿಯ ಬಣ್ಣ ಬರುವುದೂ ಆ ಊಟದಿಂದ. ಮರಿಗಳು ಬೂದು ಬಣ್ಣದವು, ಗುಂಪಿನಲ್ಲಿ ಬೇರೆಯಾಗಿಯೇ ಗೊತ್ತಾಗುತ್ತವೆ.

ದಡದಲ್ಲಿ ಕಾಂಡ್ಲಾ ಗಿಡಗಳು. ಮರಾಠಿಯವರು ತಿವರ ಎನ್ನುವ ಜಾತಿಯೇ ಇಲ್ಲಿ ಹೆಚ್ಚು. ಕೆಸರಿನಿಂದ ಪೆನ್ಸಿಲ್ ನಿಲ್ಲಿಸಿದಂತೆ ಮೇಲಕ್ಕೆದ್ದಿರುವುದು ಅದರ ಉಸಿರು ಬೇರು. ಬೇಸಿಗೆಯ ಬೆಳಗ್ಗೆ ಎಲೆಯ ಮೇಲೆ ಬೆರಳಾಡಿಸಿದರೆ ಉಪ್ಪು ತಾಗುತ್ತದೆ. ಬೇರಿನಿಂದ ಬಂದ ಉಪ್ಪನ್ನು ಎಲೆ ಬೆವರಿ ಹೊರಹಾಕಿರುತ್ತದೆ. ಓಟ ಮುಗಿಸಿದವರ ಹಣೆಯಲ್ಲೂ ಅಷ್ಟು ಹೊತ್ತಿಗೆ ಅದೇ ಉಪ್ಪು ಒಣಗಿರುತ್ತದೆ.

ಇಷ್ಟು ಹೇಳಿ ಒಂದು ನೋವಿನ ಮಾತು ಬಿಡುವಂತಿಲ್ಲ. 2024ರ ಬೇಸಿಗೆಯಲ್ಲಿ ಡಿಪಿಎಸ್ ಕೆರೆ ಬತ್ತಿತು. ಖಾರಿಯಿಂದ ನೀರು ಒಳಬರುವ ದಾರಿ ಮುಚ್ಚಿಹೋಗಿತ್ತು. ದಿಕ್ಕೆಟ್ಟ ಹಕ್ಕಿಗಳು ರಸ್ತೆಗಿಳಿದವು, ಕೆಲವು ಸತ್ತವು. ಊರಿನ ಪರಿಸರದವರು ಬಿಡದೆ ಹೋರಾಡಿದರು. 2025ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಈ ಕೆರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಆಚೆ ಐರೋಳಿ ಕಡೆಯ ಥಾಣೆ ಖಾರಿ 2015ರಿಂದ ಫ್ಲೆಮಿಂಗೊ ಅಭಯಾರಣ್ಯ, 2022ರಿಂದ ರಾಮ್‌ಸಾರ್ ತಾಣ. ಆದರೆ ಭರತದಲ್ಲಿ ಹಕ್ಕಿಗೆ ಕಾಲಿಡಲು ದಡದ ಕೆರೆ ಇಲ್ಲದಿದ್ದರೆ ಖಾರಿಯೊಂದನ್ನೇ ಕಾದು ಪ್ರಯೋಜನವಿಲ್ಲ. ನೀರಿನ ದಾರಿ ತೆರೆದಿದೆಯೋ ಇಲ್ಲವೋ ಎಂಬುದು ದಿನಾ ಅಲ್ಲಿ ಓಡುವವರ ಕಣ್ಣಿಗೆ ಅಧಿಕಾರಿಗಳಿಗಿಂತ ಮೊದಲು ಬೀಳುತ್ತದೆ. ಕಂಡದ್ದನ್ನು ಬರೆದು ತಿಳಿಸಿ.

ದೂರದ ಓಟ ಬೇಕಾದವರು ಬೇಲಾಪುರದಿಂದ ವಾಶಿಯವರೆಗೆ ಪಾಮ್ ಬೀಚ್ ರಸ್ತೆಯನ್ನೇ ಹಿಡಿಯುತ್ತಾರೆ, ಸುಮಾರು 10 ಕಿ.ಮೀ. ಉತ್ತರಕ್ಕೆ ಮುಖಮಾಡಿ ಹೊರಟರೆ ಖಾರಿ ಎಡಗಡೆ. ಕಾರುಗಳು ಅಲ್ಲಿ ವಿಪರೀತ ಜೋರು, ಆದ್ದರಿಂದ ಮುಖ್ಯರಸ್ತೆಯ ಅಂಚನ್ನು ನಾನು ಯಾರಿಗೂ ಹೇಳುವುದಿಲ್ಲ. ನೆರೂಳಿನ ಹೋಲ್ಡಿಂಗ್ ಪಾಂಡ್ ಸುತ್ತ ಮಾಡಿದ ಜುವೆಲ್ ಆಫ್ ನವಿ ಮುಂಬೈಯಲ್ಲಿ ಸುತ್ತು ಹಾಕಿ, ಇಲ್ಲವೇ ವಾಶಿಯ ಸಾಗರ ವಿಹಾರಕ್ಕೆ ಹೋಗಿ. ಒಬ್ಬರೇ ಓಡುವ ಹೆಣ್ಣುಮಕ್ಕಳಿಗೂ ಇವೆರಡೇ ವಾಸಿ, ಬೆಳಕು ಹರಿಯುವಷ್ಟರಲ್ಲಿ ಜನ ತುಂಬಿರುತ್ತಾರೆ. ಜೌಗಿನ ಕಡೆಗೆ ಜೊತೆಯಿಲ್ಲದೆ ಹೋಗಬೇಡಿ.

ಮಳೆಗಾಲದಲ್ಲಿ ಹಕ್ಕಿಗಳಿಲ್ಲ. ಆಗ ಖಾರ್‌ಘರ್. ಸೆಂಟ್ರಲ್ ಪಾರ್ಕಿನ ಪಶ್ಚಿಮಕ್ಕೆ ಗುಡ್ಡದ ಸಾಲು, ಬೆಳಗಿನ ಬಿಸಿಲು ಬಿದ್ದರೆ ನೇರ ಅದರ ಮುಖಕ್ಕೆ. ಜುಲೈಯಲ್ಲಿ ಮೋಡ ಒಂದು ಗಳಿಗೆ ಸರಿದರೆ ಗುಡ್ಡದ ಮೈತುಂಬ ಝರಿ. ಪಾರ್ಕಿನ ಒಳಗೂ, ಗಾಲ್ಫ್ ಮೈದಾನದ ಬದಿಯ ರಸ್ತೆಯಲ್ಲೂ ಓಡಬಹುದು. ಬೇಲಾಪುರದ ಕಡೆಯಿಂದ ಬರುವವರಿಗೆ 2023ರಿಂದ ಮೆಟ್ರೊ ಇದೆ, ಪಾರ್ಕಿನ ಹೆಸರಿನದೇ ಸ್ಟೇಷನ್ನು. ಪಾಂಡವಕಡಾ ಜಲಪಾತದ ಕಡೆ ಮಾತ್ರ ಹೊರಳಬೇಡಿ. ಮಳೆಗಾಲದಲ್ಲಿ ಅಲ್ಲಿಗೆ ಪ್ರವೇಶವಿಲ್ಲ, ನೀರು ಹಠಾತ್ತನೆ ಏರಿ ಜೀವ ತೆಗೆದ ಜಾಗ ಅದು. ಕಾಲಿಗೆ ಗಾಯವಿದ್ದರೆ ನಿಂತ ನೀರಿನಲ್ಲಿ ಓಡಬೇಡಿ. ಇಲಿಜ್ವರ ಬರುವುದು ಹಾಗೆ. ಮನೆಗೆ ಬಂದ ತಕ್ಷಣ ಸಾಬೂನು ಹಚ್ಚಿ ಕಾಲು ತೊಳೆಯಿರಿ, ಜ್ವರ ಬಂದರೆ ಡಾಕ್ಟರಿಗೆ ನೀರಲ್ಲಿ ಓಡಿದ್ದನ್ನು ಹೇಳಿ.

ಥಾಣೆಯವರಿಗೆ ಉಪವನ ಕೆರೆ, ಅಲ್ಲಿಂದ ಯೇವೂರಿನ ಏರು. ಏರು ಅಭ್ಯಾಸಕ್ಕೆ ಇಡೀ ಜಿಲ್ಲೆಯಲ್ಲಿ ಅದಕ್ಕೆ ಸಾಟಿ ಇಲ್ಲ. ಡೊಂಬಿವಲಿಯವರು ಠಾಕುರ್ಲಿಯ 90 ಅಡಿ ರಸ್ತೆಗೆ ಅಂಟಿಕೊಂಡಿದ್ದಾರೆ, ರೈಲು ಹಳಿಯ ಪಕ್ಕದ ಆ ರಸ್ತೆ ಸಪಾಟಾಗಿದೆ, ವೇಗದ ಓಟಕ್ಕೆ ಒಳ್ಳೆಯದು, ನೋಡಲು ಏನೂ ಇಲ್ಲ. ನೀರು ಬೇಕಾದರೆ ಮೋಠಾಗಾಂವ್ ರೇತಿ ಬಂದರಿಗೆ ಹೋಗಬೇಕು. ಕಲ್ಯಾಣದಲ್ಲಿ ದುರ್ಗಾಡಿ ಕೋಟೆಯ ಕೆಳಗಿನ ಖಾರಿ, ಅಲ್ಲಿಂದ ಗಾಂಧಾರಿ ಸೇತುವೆಯ ಮೇಲೆ ಉಲ್ಹಾಸ್ ನದಿ ದಾಟಿ ಬಾಪ್‌ಗಾಂವ್ ಕಡೆಯ ರಸ್ತೆ. ಈ ಹಾದಿಯನ್ನು ನಾನು ಇನ್ನಷ್ಟು ಓಡಬೇಕು. ಉಲ್ಹಾಸ್‌ನಲ್ಲೂ ಕಲ್ಯಾಣದವರೆಗೆ ಭರತ ಏರುತ್ತದೆ, ಆದರೆ ಅಷ್ಟು ಒಳಗೆ ಮುಕ್ಕಾಲಿನ ಲೆಕ್ಕಕ್ಕೆ ಎಷ್ಟು ಹೊತ್ತು ಕೂಡಿಸಬೇಕು ಎಂಬುದನ್ನು ಅಲ್ಲಿ ನಿಂತೇ ನೋಡಬೇಕು. ಆ ಕಡೆ ಓಡುವ ಓದುಗರು ತಿಥಿ, ನೀರು ತುಂಬಿದ ಗಂಟೆ ಎರಡನ್ನೂ ಒಂದು ಪಕ್ಷದ ಮಟ್ಟಿಗೆ ಗುರುತು ಹಾಕಿ ಪತ್ರಿಕೆಗೆ ಬರೆದರೆ, ಕಲ್ಯಾಣದ ಲೆಕ್ಕವನ್ನೂ ಇಲ್ಲಿ ಅಚ್ಚು ಹಾಕೋಣ.