‘ಅಲಫ’ ಎಂಬ ಸಂಖ್ಯಾವಾಚಕ: ಒಂದು ವಿಮರ್ಶೆ

ಭಾಷೆಗಳು ಸಂಖ್ಯಾವಾಚಕಗಳನ್ನು ಸುಲಭವಾಗಿ ಕಡ ಪಡೆಯುವುದಿಲ್ಲವೆಂಬ ಮಾತುಂಟು. ಸಣ್ಣ ಸಂಖ್ಯೆಗಳ ಮಟ್ಟಿಗೆ ಇದು ಬಹುಮಟ್ಟಿಗೆ ನಿಜ. ದೊಡ್ಡವುಗಳ ಮಟ್ಟಿಗೆ ಅಲ್ಲ. ನಮ್ಮ ‘ಸಾವಿರ’ವೇ ಸಂಸ್ಕೃತದ ‘ಸಹಸ್ರ’ದಿಂದ ಬಂದುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡಿಗರು ಮನೆಯಲ್ಲಿ ‘ಸಾವಿರ’ ಎಂದರೆ ಮರಾಠಿ ಪೇಟೆಯಲ್ಲಿ ‘ಹಜಾರ’ ಎಂಬುದನ್ನು ಕೇಳುತ್ತಾರೆ. ಅದು ಫಾರಸಿಯಿಂದ ಬಂದುದು, ‘ಸಹಸ್ರ’ದ ದಾಯಾದಿ. ಇದೇ ಸೀಮೆಯ ಹಳೆಯ ಮೋಡಿ ಕಾಗದಗಳಲ್ಲಿ ಮಾತ್ರ ಮೂರನೆಯದೊಂದು ಶಬ್ದ ಕಾಣುತ್ತದೆ. ಅದೇ ಅರಬ್ಬಿಯ ‘ಅಲಫ’.

ಇದರ ಬಳಗ ದೊಡ್ಡದು. ಹೀಬ್ರೂವಿನಲ್ಲಿ ‘ಎಲೆಫ್’ ಎಂದರೆ ಸಾವಿರ. ಇಥಿಯೋಪಿಯದ ಪ್ರಾಚೀನ ಗೀಝ್ ಭಾಷೆಯಲ್ಲಿ ಇದೇ ಶಬ್ದಕ್ಕೆ ಹತ್ತು ಸಾವಿರವೆಂದರ್ಥ. ಅರಬ್ಬಿಯಿಂದ ಬಂದ ಮಾಲ್ಟಾ ದ್ವೀಪದ ಮಾತಿನಲ್ಲಿ ‘ಎಲ್ಫ್’, ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿ ‘ಎಲ್ಫು’. ಈಜಿಪ್ಟಿನ ಆಡುಮಾತಿನಲ್ಲಿ ಮೂರು ಸಾವಿರವು ‘ತಲತ್ ತಲಾಫ್’ ಆಗುತ್ತದೆ. ಹಿಂದಿನ ಶಬ್ದದ ತಕಾರವು ಮುಂದಿನದಕ್ಕೆ ಅಂಟಿಕೊಂಡ ರೂಪವಿದು. ಹಳೆಯ ಅರಬ್ಬಿಯಲ್ಲಿ ಸಾವಿರಕ್ಕೆ ಮೇಲಿನ ಎಣಿಕೆಗೆ ಸ್ವಂತ ಶಬ್ದವಿರಲಿಲ್ಲ. ಲಕ್ಷಕ್ಕೆ ‘ನೂರು ಸಾವಿರ’ ಎಂದೇ ಹೇಳುತ್ತಿದ್ದರು.

ಇಷ್ಟು ಬಳಕೆಯ ಶಬ್ದ ನಮ್ಮ ನಾಲಗೆಗೆ ಇಳಿಯದಿದ್ದುದಕ್ಕೆ ಕಾರಣ ಸ್ಪಷ್ಟ. ಪೇಟೆಯ ಎಣಿಕೆಗೆ ‘ಹಜಾರ’ ಸಾಕಾಗಿತ್ತು. ‘ಅಲಫ’ಕ್ಕೆ ದಫ್ತರದಲ್ಲಿ ಒಂದೇ ಕೆಲಸ: ವರ್ಷ ಹೇಳುವುದು. ಆ ವರ್ಷಮಾನವೇ ಶುಹೂರ್ ಸನ್. ಹಿಜರಿ 745, ಎಂದರೆ ಕ್ರಿ.ಶ. 1344ರಲ್ಲಿ, ಅದೇ ಅಂಕಿಯಿಂದ ಹೊರಟ ಇದು ಸೌರಮಾನವನ್ನು ಹಿಡಿಯಿತು. ಮೃಗಶಿರಾ ಮಳೆಯೊಡನೆ ಇದರ ವರ್ಷ ಮೊದಲಾಗುತ್ತಿತ್ತು. ಬೆಳೆಗೂ ಕಂದಾಯಕ್ಕೂ ಹೊಂದುವ ವರ್ಷವಾದುದರಿಂದ ಪೇಶವೆಯರ ಕಾಲದವರೆಗೂ ಬಾಳಿತು. ಇದಕ್ಕೆ 599 ಕೂಡಿಸಿದರೆ ಕ್ರಿಸ್ತಶಕ. ಜನವರಿಯಿಂದ ವರ್ಷಾಂತ್ಯದವರೆಗಿನ ತಿಂಗಳುಗಳಿಗೆ 600 ಕೂಡಿಸಬೇಕು.

ಉದಾಹರಣೆಗೆ, ‘ಇಹಿದೆ ಸಿತೈನ ಮಯಾ ವ ಅಲಫ’ ಎಂಬುದನ್ನು ನೋಡೋಣ. ಒಂದು, ಅರವತ್ತು, ನೂರು ಮತ್ತು ಸಾವಿರ, ಕೂಡಿ 1161. ಬಿಡಿಯಿಂದ ಮೇಲೇರುವ ಈ ಕ್ರಮವು ಶಾಸನಗಳ ಅಂಕಗಳ ವಾಮಗತಿಯನ್ನು ಬಲ್ಲವರಿಗೆ ಹೊಸದಲ್ಲ. 1761ರ ಜನವರಿಯ ಪಾಣಿಪತ್ ಯುದ್ಧ ಈ ವರ್ಷದಲ್ಲಿಯೇ ಬರುತ್ತದೆ. ಇದನ್ನೇ ಹಿಜರಿ ಎಂದು ಎಣಿಸಿದವರಿಗೆ ಸಿಗುವುದು 1748. ಆಗ ಶಾಹೂ ಛತ್ರಪತಿ ಇನ್ನೂ ಬದುಕಿದ್ದನು! ‘ಮಯಾ’ ಒಂದನ್ನು ಬಿಟ್ಟರೆ ಕಾಗದ ನೂರು ವರ್ಷ ಹಿಂದೆ ಸರಿಯುತ್ತದೆ. ‘ಅಲಫ’ದ ಮಾತಂತೂ ಇನ್ನೂ ಮುಖ್ಯ. 1565ರ ಜನವರಿಯ ರಕ್ಕಸತಂಗಡಿ ಯುದ್ಧದ ವರ್ಷ 965. ಅದರಲ್ಲಿ ‘ಅಲಫ’ಕ್ಕೆ ಸ್ಥಳವಿಲ್ಲ. ಶುಹೂರ್ ತೇದಿಯಲ್ಲಿ ‘ಅಲಫ’ವಿದ್ದರೆ ಆ ತೇದಿ 1599ರ ಮಳೆಗಾಲಕ್ಕಿಂತ ಹಿಂದಿನದಲ್ಲ.

ನಮ್ಮ ಆಕ್ಷೇಪಣೆ ಇಲ್ಲಿಂದ ಮೊದಲಾಗುತ್ತದೆ. ಸ್ಥಳೀಯ ಚರಿತ್ರೆ ಬರೆಯುವವರು ಕೆಲವರು ಈ ಶಬ್ದಗಳನ್ನು ಪರಕೀಯ ಕಸವೆಂದು ದಾಟಿಹೋಗುತ್ತಾರೆ. ಕೆಲವರು ಕನ್ನಡ ಕಿವಿಯಿಂದಲೇ ಓದುತ್ತಾರೆ. ಎರಡನೆಯದು ಹೆಚ್ಚು ಅಪಾಯಕರ. ‘ಸಮಾನ’ ಎಂದರೆ ಎಂಟು, ಸರಿಸಮವಲ್ಲ. ‘ಸಿತ’ ಎಂದರೆ ಆರು, ಶುಕ್ಲಪಕ್ಷವಲ್ಲ. ‘ತಿಸಾ’ ಎಂದರೆ ಒಂಬತ್ತು, ಮರಾಠಿಯ ಮೂವತ್ತಲ್ಲ. ‘ಅಲಫ’ ಮತ್ತು ಅಕ್ಷರಮಾಲೆಯ ‘ಅಲಿಫ್’ ಅರಬ್ಬಿ ಬರೆಹದಲ್ಲಿ ಒಂದೇ ರೂಪದವು. ಮೊದಲನೆಯದು ಸಾವಿರ, ಎರಡನೆಯದರ ಅಂಕಬೆಲೆ ಒಂದು. ಕೋಶದಲ್ಲಿ ‘ಅಲಫ: ಸಾವಿರ’ ಎಂದು ಅರ್ಥ ಕೊಟ್ಟರೆ ಶಬ್ದದ ಕೆಲಸ ತಿಳಿದಂತಾಗಲಿಲ್ಲ, ಅದು ಯಾವ ಸನ್ನಿನಲ್ಲಿ, ಯಾವ ಕ್ರಮದಲ್ಲಿ ನಿಲ್ಲುತ್ತದೆಂಬುದನ್ನೂ ಹೇಳಬೇಕು.

ಶಬ್ದವು ನಮ್ಮದೋ ಅನ್ಯರದೋ ಎಂಬ ವಾದ ಇಲ್ಲಿ ನಿರುಪಯೋಗಿ. ನಮ್ಮ ಇನಾಮು ಭೂಮಿಗಳ, ಮಠಗಳ, ದೇಸಗತಿಗಳ ಕಾಗದಗಳ ಕಾಲವು ಈ ಅರಬ್ಬಿ ಮಾತುಗಳಲ್ಲಿ ಅಡಗಿದೆ. ಗಡಿನಾಡಿನ ಅಧ್ಯಾಪಕರು ಒಂದರಿಂದ ಹತ್ತು, ಇಪ್ಪತ್ತರಿಂದ ತೊಂಬತ್ತು, ಮಯಾ, ಮಯಾತೈನ, ಅಲಫ ಎಂಬಿಷ್ಟನ್ನು ಕಲಿಯಲು ಒಂದು ಸಂಜೆ ಸಾಕು. ಅಷ್ಟನ್ನೂ ಮಾಡದೆ ಊರಿನ ಪ್ರಾಚೀನತೆಯ ವಿಷಯವಾಗಿ ಭಾಷಣ ಮಾಡುವುದು ಶೋಭಿಸುವುದಿಲ್ಲ.